ಜಡ್ಜಿಗೆ ಲಂಚ ಕೊಡುವ ಅಗತ್ಯವೇ ಇರಲಿಲ್ಲ

ಓದುಗರ ಪತ್ರ: "ಹೋದ ಸಂಚಿಕೆಯಲ್ಲಿ ಅಮೆರಿಕದ ಶ್ರೀಮಂತ ಜೆಫ್ರಿ ಎಪ್‌ಸ್ಟೀನ್ ಬಗ್ಗೆ ಬರೆದಿದ್ದೀರಿ. ಅಷ್ಟು ಹೆಣ್ಣುಮಕ್ಕಳ ಬಾಳು ಹಾಳು ಮಾಡಿದವನು 2008ರಲ್ಲಿ ಶಿಕ್ಷೆಯಾದ ಮೇಲೂ 2019ರವರೆಗೆ ಹಾಯಾಗಿದ್ದ ಎಂದರೆ ಜಡ್ಜಿಗೆ ಲಂಚ ಕೊಟ್ಟಿರಲೇಬೇಕು. ಅದನ್ನು ಬರೆಯಲು ನಿಮಗೇಕೆ ಹೆದರಿಕೆ? ಸರ್ಕಾರಿ ವಕೀಲರು ಅವನ ಜೊತೆ ಮಾಡಿಕೊಂಡಂಥ ಒಪ್ಪಂದ ನಮ್ಮ ದೇಶದಲ್ಲೂ ಆಗಬಹುದಾ?" (ದಾವಣಗೆರೆಯಿಂದ ಒಬ್ಬ ಓದುಗರು)

ಸಂಪಾದಕರ ಉತ್ತರ:

ನಮಸ್ಕಾರ. ಹೆದರಿಕೆ ಏನಿಲ್ಲ. ಲಂಚ ಕೊಟ್ಟ ಎನ್ನಲು ಪುರಾವೆ ಇಲ್ಲ, ಹಾಗಾಗಿ ಬರೆಯಲಿಲ್ಲ. ಅಮೆರಿಕದ ನ್ಯಾಯ ಇಲಾಖೆ ಈ ಕೇಸನ್ನು ಮತ್ತೆ ಕೆದಕಿ 2020ರ ನವೆಂಬರಿನಲ್ಲಿ ವರದಿ ಕೊಟ್ಟಿತು. ಕೇಸು ನೋಡಿಕೊಂಡ ಫೆಡರಲ್ ಪ್ರಾಸಿಕ್ಯೂಟರ್ (ಅಂದರೆ ಕೇಂದ್ರ ಸರ್ಕಾರದ ವಕೀಲ) ಅಲೆಕ್ಸಾಂಡರ್ ಅಕೋಸ್ಟಾ ವಿವೇಚನೆ ತಪ್ಪಿದರು ಎಂದಿತು. ದುಡ್ಡು ತಿಂದರು ಎನ್ನಲಿಲ್ಲ. ಇಲಾಖೆ ತನ್ನವರಿಗೆ ತಾನೇ ಕೊಟ್ಟ ಸರ್ಟಿಫಿಕೇಟು ಅದು, ಅಷ್ಟರ ಮಟ್ಟಿಗೆ ಅನುಮಾನ ಇಟ್ಟುಕೊಳ್ಳಿ. ನನಗೆ ಮಾತ್ರ ಲಂಚ ಕೊಡದೆಯೇ ಇದೆಲ್ಲ ನಡೆಯಿತಲ್ಲ, ಅದೇ ಜಾಸ್ತಿ ಭಯ ಹುಟ್ಟಿಸುತ್ತದೆ.

2005ರಲ್ಲಿ ಫ್ಲೋರಿಡಾದ ಪಾಮ್ ಬೀಚ್‌ನಲ್ಲಿ 14 ವರ್ಷದ ಹುಡುಗಿಯೊಬ್ಬಳ ಮನೆಯವರು ಎಪ್‌ಸ್ಟೀನ್ ಲೈಂಗಿಕ ದೌರ್ಜನ್ಯ ಮಾಡಿದ ಎಂದು ದೂರು ಕೊಟ್ಟರು. ಪೊಲೀಸರು ಕೆಲಸ ಸರಿಯಾಗಿಯೇ ಮಾಡಿದರು. ಒಬ್ಬಳ ಹಿಂದೆ ಇನ್ನೊಬ್ಬಳು ಸಿಗುತ್ತಾ ಹೋದಳು. ಹೆಚ್ಚಿನವರು ಕಷ್ಟದಲ್ಲಿದ್ದ ಮನೆಗಳ ಶಾಲಾ ಹುಡುಗಿಯರು. ಸ್ಥಳೀಯ ಪ್ರಾಸಿಕ್ಯೂಟರ್ ಕೇಸನ್ನು ಗ್ರ್ಯಾಂಡ್ ಜ್ಯೂರಿ (ಆರೋಪ ಹೊರಿಸಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಮುಂದೆ ಇಟ್ಟಾಗ ಹೊರಬಂದದ್ದು ವೇಶ್ಯಾವಾಟಿಕೆಯ ಒಂದೇ ಒಂದು ಆರೋಪ. ಪೊಲೀಸ್ ಮುಖ್ಯಸ್ಥ ಮೈಕೆಲ್ ರೈಟರ್ ಸುಮ್ನೆ ಕೂರಲಿಲ್ಲ, ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐ ಬಳಿ ಹೋದರು. ಖಾಸಗಿ ಪತ್ತೇದಾರರು ತಮ್ಮ ಬೆನ್ನು ಬಿದ್ದಿದ್ದರು, ಮನೆಯ ಕಸವನ್ನೂ ಜಾಲಾಡಿದರು ಎಂದು ಅವರು ಆಮೇಲೆ ಹೇಳಿಕೊಂಡಿದ್ದಾರೆ.

ಫೆಡರಲ್ ಕಚೇರಿಯಲ್ಲಿ 53 ಪುಟಗಳ ದೋಷಾರೋಪದ ಕರಡು ಸಿದ್ಧವಾಯಿತು. ಆ ಹೊತ್ತಿಗೆ ಎಪ್‌ಸ್ಟೀನ್ ಕಡೆ ವಕೀಲರ ಪಡೆಯೇ ನಿಂತಿತ್ತು. ಅಧ್ಯಕ್ಷ ಕ್ಲಿಂಟನ್‌ರನ್ನೇ ತನಿಖೆ ಮಾಡಿದ್ದ ಕೆನೆತ್ ಸ್ಟಾರ್, ಹಾರ್ವರ್ಡಿನ ಅಲನ್ ಡರ್ಶೋವಿಟ್ಜ್, ಇನ್ನೂ ಹಲವರು. ಆಗಿನ ಸಾಮಾಜಿಕ ಜಾಲತಾಣ ಮೈಸ್ಪೇಸ್‌ನಲ್ಲಿದ್ದ ಹುಡುಗಿಯರ ಪುಟಗಳಿಂದ ಆಯ್ದು "ಇವರ ಮಾತು ನಂಬುತ್ತೀರಾ?" ಎಂಬಂತೆ ಪ್ರಾಸಿಕ್ಯೂಟರರ ಮುಂದೆ ಇಟ್ಟರು. ಪತ್ರದ ಮೇಲೆ ಪತ್ರ, ಸಭೆಯ ಮೇಲೆ ಸಭೆ. ಸರ್ಕಾರಿ ವಕೀಲರಿಗೆ ಕೇಸು ಸೋತರೆ ಎಂಬ ಅಳುಕು ಇದ್ದೇ ಇರುತ್ತದೆ. ಶ್ರೀಮಂತನ ವಕೀಲ ಆ ಅಳುಕಿಗೆ ದಿನಾ ನೀರು ಹಾಕುತ್ತಾನೆ. ಇದಕ್ಕೆಲ್ಲ ಕೊಟ್ಟದ್ದು ಫೀಸು, ರಸೀದಿ ಸಮೇತ.

2007ರ ಸೆಪ್ಟೆಂಬರಿನಲ್ಲಿ ಒಪ್ಪಂದವಾಯಿತು. ಫೆಡರಲ್ ಕೇಸು ಹಾಕುವುದಿಲ್ಲ, ಅವನು ರಾಜ್ಯದ ಕೋರ್ಟಿನಲ್ಲಿ ಎರಡು ಆರೋಪ ಒಪ್ಪಿಕೊಂಡರೆ ಸಾಕು. ಹೆಸರಿಸಿದ ನಾಲ್ವರು ಸಹಚರರಿಗೂ ರಕ್ಷಣೆ. ಸಾಲದ್ದಕ್ಕೆ, ಹೆಸರೇ ಇಲ್ಲದ "ಸಂಭಾವ್ಯ" ಸಹಚರರಿಗೂ! ಮರುತಿಂಗಳು ಅಕೋಸ್ಟಾ ಹೋಟೆಲೊಂದರಲ್ಲಿ ಎಪ್‌ಸ್ಟೀನ್ ಪರ ವಕೀಲ ಜೇ ಲೆಫ್ಕೊವಿಟ್ಜ್ ಜೊತೆ ಬೆಳಗಿನ ತಿಂಡಿಗೆ ಕೂತರು. ಇಬ್ಬರೂ ಹಿಂದೆ ಒಂದೇ ದೊಡ್ಡ ವಕೀಲ ಸಂಸ್ಥೆಯಲ್ಲಿ ಇದ್ದವರು. ಹುಡುಗಿಯರಿಗೆ ಮಾತ್ರ ಯಾರೂ ಏನೂ ಹೇಳಲಿಲ್ಲ. ತನಿಖೆ ಇನ್ನೂ ನಡೆಯುತ್ತಿದೆ, ತಾಳ್ಮೆಯಿಂದಿರಿ ಎಂದು 2008ರಲ್ಲೂ ಅವರಿಗೆ ಕಾಗದ ಹೋಗುತ್ತಿತ್ತು.

ಈಗ ನಿಮ್ಮ ಜಡ್ಜ್ ಪ್ರಶ್ನೆ. ಫೆಡರಲ್ ಕೇಸನ್ನೇ ಹಾಕದಿದ್ದ ಮೇಲೆ ಆ ಒಪ್ಪಂದಕ್ಕೆ ಫೆಡರಲ್ ಜಡ್ಜ್ ಒಬ್ಬರ ಒಪ್ಪಿಗೆ ಬೇಕಾಗಲೇ ಇಲ್ಲ. ಸಹಿ ಹಾಕಿದ್ದು ಪ್ರಾಸಿಕ್ಯೂಟರರ ಕಡೆಯವರು ಮತ್ತು ಆರೋಪಿಯ ಕಡೆಯವರು. ಲಂಚ ಕೊಡಲು ಅಲ್ಲಿ ಜಡ್ಜೇ ಇರಲಿಲ್ಲ.

ಶಿಕ್ಷೆ 18 ತಿಂಗಳು, ಒಳಗಿದ್ದದ್ದು ಸುಮಾರು 13. "ಒಳಗೆ" ಎನ್ನಲೂ ಸಂಕೋಚ. ವಾರಕ್ಕೆ ಆರು ದಿನ, ದಿನಕ್ಕೆ 12 ಗಂಟೆ ಹೊರಗೆ ಕೆಲಸಕ್ಕೆ ಹೋಗಲು ಅನುಮತಿ. ಕರೆದೊಯ್ಯಲು ಅವನದೇ ಡ್ರೈವರ್. ಕೆಲಸ ಎಲ್ಲಿ? ಜೈಲಿಗೆ ಹೋಗುವ ಸ್ವಲ್ಪ ಮುಂಚೆ ಅವನೇ ಹುಟ್ಟುಹಾಕಿದ್ದ ಒಂದು ಪ್ರತಿಷ್ಠಾನದಲ್ಲಿ. ಕಾವಲಿದ್ದ ಪೊಲೀಸರ ಖರ್ಚಿಗೆ ಅವನ ಕಡೆಯಿಂದಲೇ ಲಕ್ಷ ಡಾಲರಿಗೂ ಜಾಸ್ತಿ ಹಣ ಹೋಯಿತು. ಕಾವಲುಗಾರನಿಗೆ ಕೈದಿಯೇ ಪಗಾರ ಕೊಟ್ಟರೆ ಯಾರು ಯಾರನ್ನು ಕಾಯುತ್ತಾರೆ, ನೀವೇ ಹೇಳಿ.

ದುಡ್ಡೇ ದೊಡ್ಡಪ್ಪ ಎಂದು ಕೈಚೆಲ್ಲುವುದಕ್ಕೂ ಆಗುವುದಿಲ್ಲ. 2018ರ ನವೆಂಬರಿನಲ್ಲಿ 'ಮಯಾಮಿ ಹೆರಾಲ್ಡ್' ಪತ್ರಿಕೆಯ ಜೂಲಿ ಕೆ. ಬ್ರೌನ್ ಆ ಹುಡುಗಿಯರನ್ನು, ಅಷ್ಟರಲ್ಲಿ ಹೆಂಗಸರಾಗಿದ್ದವರನ್ನು, ಹುಡುಕಿ ಮಾತಾಡಿಸಿ ಬರೆದರು. ಮರುವರ್ಷ ಜುಲೈನಲ್ಲಿ ನ್ಯೂಯಾರ್ಕಿನ ಪ್ರಾಸಿಕ್ಯೂಟರರು ಅವನನ್ನು ಹಿಡಿದರು. ಭಾರಿ ಮೊತ್ತದ ಜಾಮೀನು ಕೊಡುತ್ತೇನೆ ಎಂದರೂ ಜಡ್ಜ್ ಒಪ್ಪಲಿಲ್ಲ. ಆಗಸ್ಟ್ 10ರಂದು ಜೈಲಿನಲ್ಲೇ ಸತ್ತ, ಅವನ ಮೇಲಿನ ಕೇಸು ಮುಗಿಯಿತು. ಜೊತೆಗಾತಿ ಗಿಲೇನ್ ಮ್ಯಾಕ್ಸ್‌ವೆಲ್‌ಗೆ 2022ರಲ್ಲಿ 20 ವರ್ಷ ಶಿಕ್ಷೆಯಾಯಿತು. ತಡವಾಯಿತು, ನಿಜ.

ಇನ್ನು ನಮ್ಮ ದೇಶ. ಇಲ್ಲೂ 2006ರಿಂದ ತಪ್ಪೊಪ್ಪಂದಕ್ಕೆ, ಅಂದರೆ ತಪ್ಪು ಒಪ್ಪಿಕೊಂಡು ಕಡಿಮೆ ಶಿಕ್ಷೆ ಪಡೆಯುವುದಕ್ಕೆ, ಅವಕಾಶವಿದೆ. ಆದರೆ ಅದು ಕೋರ್ಟಿನ ಮುಂದೆಯೇ ಆಗಬೇಕು, ನೊಂದವರನ್ನು ಕೂರಿಸಿಕೊಂಡೇ ಮಾತಾಡಬೇಕು. ಏಳು ವರ್ಷಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಕ್ಕೆ ಅದು ಇಲ್ಲ. ಹೆಂಗಸರ ಮೇಲಿನ ಅಪರಾಧಕ್ಕೂ ಮಕ್ಕಳ ಮೇಲಿನ ಅಪರಾಧಕ್ಕೂ ಇಲ್ಲ. ಹಾಗಾಗಿ ಇದೇ ತರಹದ ಒಪ್ಪಂದ ಇಲ್ಲಿ ಕಷ್ಟ. ಇಲ್ಲಿ ದುಡ್ಡು ಹಿಡಿಯುವ ದಾರಿ ಬೇರೆ: ವಾಯಿದೆ ಮೇಲೆ ವಾಯಿದೆ, ಮತ್ತು ಕಟಕಟೆಗೆ ಬರುವಷ್ಟರಲ್ಲಿ ಮಾತು ಬದಲಿಸುವ ಸಾಕ್ಷಿ. ಕೋರ್ಟಿಗೆ ಅಲೆದವರು ನಮ್ಮ ಓದುಗರಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರ ಪತ್ರಗಳಿಗೆ ಮುಂದಿನ ಸಂಚಿಕೆಯಲ್ಲಿ ಎರಡು ಪುಟ ಬಿಟ್ಟಿದ್ದೇವೆ, ನೀವೂ ಬರೆಯಿರಿ.