ನಾಟಕಕ್ಕೆ ಲ್ಯಾಪ್‌ಟಾಪಿನಿಂದ ಲೈಟ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಬೇಡ

ರಿಪ್ಪನ್‌ಪೇಟೆ ಕಡೆಯ ಗೆಳೆಯರು ಕೇಳಿರೋದು ಇಷ್ಟು: ಅಡಿಕೆ ಕೊಯ್ಲು ಮುಗಿದ ಮೇಲೆ ಊರಿನ ಯುವಕ ಸಂಘದಿಂದ ವರ್ಷಕ್ಕೊಂದು ನಾಟಕ. ಕೈಯಲ್ಲಿ ಆರು ಎಲ್‌ಇಡಿ ಪಾರ್ (ಡಬ್ಬಿಯಾಕಾರದ ಬಣ್ಣದ ದೀಪ), ಒಂದೊಂದು ಕಿಲೋವ್ಯಾಟಿನ ನಾಲ್ಕು ಹಳೇ ಹ್ಯಾಲೊಜನ್, ಒಂದು ಹಳೇ ಲ್ಯಾಪ್‌ಟಾಪ್ ಇವೆ. ಖರ್ಚಿಗೆ 25 ಸಾವಿರ. 192 ಬೋರ್ಡು (192 ಚಾನೆಲ್ಲಿನ ಲೈಟ್ ಕಂಟ್ರೋಲರ್) ತಗೊಳ್ಳೋದಾ, ಅಥವಾ ಮೂರು ಸಾವಿರಕ್ಕೆ ಡಾಂಗಲ್ (ಯುಎಸ್‌ಬಿಗೆ ಚುಚ್ಚಿ ದೀಪಕ್ಕೆ ಸಿಗ್ನಲ್ ಕಳಿಸೋ ಸಾಧನ) ಜೊತೆ ಪೆನ್‌ಡ್ರೈವಿನಲ್ಲಿ ಸಾಫ್ಟ್‌ವೇರ್ ಹಾಕಿಕೊಡ್ತೀನಿ ಅಂದವರ ಹತ್ತಿರ ತಗೊಳ್ಳೋದಾ?

ಎರಡೂ ಬೇಡ ಅಂತ ನನ್ನ ಅಭಿಪ್ರಾಯ. ಸಾಫ್ಟ್‌ವೇರಿಗೆ ಒಂದು ರೂಪಾಯಿಯೂ ಕೊಡಬೇಡಿ. ಇರೋ ದುಡ್ಡನ್ನು ಲ್ಯಾಪ್‌ಟಾಪಿಗೂ ದೀಪಕ್ಕೂ ನಡುವಿನ ಡಬ್ಬಿ, ಕೇಬಲ್ಲು, ಬೆಳಕು ಏರಿಳಿಸೋ ಡಿಮ್ಮರ್ ಇವುಗಳಿಗೆ ಹಾಕಿ. ಕಾರಣ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

192 ಬೋರ್ಡು ಕೆಟ್ಟ ಮಾಲೇನಲ್ಲ. 12 ಲೈಟು, ಒಂದೊಂದಕ್ಕೆ 16 ಚಾನೆಲ್ (ಬೆಳಕು, ಕೆಂಪು, ಹಸಿರು ಹೀಗೆ ಒಂದೊಂದನ್ನು ನಡೆಸೋ ದಾರಿ), 240 ಸೀನ್ ಹಿಡಿಸುತ್ತೆ. ಆರ್ಕೆಸ್ಟ್ರಾಕ್ಕೆ, ಗಣಪತಿ ಮೆರವಣಿಗೆಗೆ ಧಾರಾಳ ಸಾಕು. ನಾಟಕದ ಲೆಕ್ಕ ಬೇರೆ. ಇಲ್ಲಿ ಒಂದು ದೃಶ್ಯ 3 ಸೆಕೆಂಡಿನಲ್ಲಿ ಏರಬೇಕು, ಇನ್ನೊಂದು 10 ಸೆಕೆಂಡು ತಗೊಂಡು ಇಳಿಯಬೇಕು, ಮೂರನೆಯದು ಠಪ್ ಅಂತ ಬ್ಲಾಕ್‌ಔಟ್ ಆಗಬೇಕು. ಆ ಬೋರ್ಡಿನಲ್ಲಿ ಸೀನಿಗೊಂದು ಫೇಡ್ ಸಮಯ ಬರೆದಿಡೋಕೆ ಆಗಲ್ಲ. ದೃಶ್ಯದ ಹೆಸರೂ ಕಾಣಲ್ಲ, ಬರೀ ಅಂಕಿ. ಕತ್ತಲಲ್ಲಿ ಕೂತು, ಒಂದು ಕಣ್ಣು ಸ್ಕ್ರಿಪ್ಟಿನ ಮೇಲೆ ಇಟ್ಟುಕೊಂಡು, ಬ್ಯಾಂಕ್ (ಸೀನ್‌ಗಳ ಗುಂಪು) ಎಣಿಸಿ ಒತ್ತೋದು ಹಿಂಸೆ. ಪೆನ್‌ಡ್ರೈವ್ ಸಾಫ್ಟ್‌ವೇರಂತೂ ಕದ್ದ ಮಾಲು ಅನ್ನೋದು ಬಿಡಿ, ಅದರ ಡಾಂಗಲ್ ಬೇರೆ ಯಾವ ಸಾಫ್ಟ್‌ವೇರಿಗೂ ಬಗ್ಗದೇ ಇರೋದೇ ಹೆಚ್ಚು. ನಾಟಕದ ದಿನ ಡ್ರೈವರ್ ಕೈಕೊಟ್ಟರೆ ಯಾರನ್ನು ಕೇಳ್ತೀರಿ?

ನಿಮಗೆ ಬೇಕಾಗಿರೋದು ಕ್ಯೂ ಪಟ್ಟಿ. ದೃಶ್ಯಗಳು ಹೆಸರು ಸಮೇತ ಸಾಲಾಗಿ ಇರಬೇಕು, ಒಂದೊಂದಕ್ಕೂ ಅದರದೇ ಏರೋ ಸಮಯ ಇಳಿಯೋ ಸಮಯ ಇರಬೇಕು, ಸ್ಪೇಸ್‌ಬಾರ್ ಒತ್ತಿದರೆ ಮುಂದಿನದು ಬರಬೇಕು. ಇದನ್ನು ಕ್ಯೂಎಲ್‌ಸಿ ಪ್ಲಸ್ ಅನ್ನೋ ಸಾಫ್ಟ್‌ವೇರ್ ಪುಕ್ಕಟೆ ಮಾಡುತ್ತೆ. ಮುಕ್ತ ತಂತ್ರಾಂಶ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ, ರಾಸ್ಪ್‌ಬೆರಿ ಪೈಯಲ್ಲೂ. ನಿಮ್ಮ ಹಳೇ ಲ್ಯಾಪ್‌ಟಾಪ್ ವಿಂಡೋಸಿನಲ್ಲಿ ಏದುಸಿರು ಬಿಡ್ತಿದ್ದರೆ ಲಿನಕ್ಸ್ ಹಾಕಿ ನೋಡಿ. ಮೊದಲು ದೀಪಗಳನ್ನು ಪಟ್ಟಿಗೆ ಸೇರಿಸಿ, ದೃಶ್ಯಗಳನ್ನು ‘ಸೀನ್’ ಅಂತ ಮಾಡಿ, ಅವನ್ನು ಒಂದು ‘ಚೇಸರ್’ನಲ್ಲಿ ಸಾಲಾಗಿ ಜೋಡಿಸಿ, ಆ ಚೇಸರನ್ನು ವರ್ಚುವಲ್ ಕನ್ಸೋಲಿನ (ಪರದೆ ಮೇಲೆ ನೀವೇ ಗುಂಡಿ ಜೋಡಿಸಿಕೊಳ್ಳೋ ಬೋರ್ಡು) ‘ಕ್ಯೂ ಲಿಸ್ಟ್’ಗೆ ಕೊಡಬೇಕು. ಚೇಸರ್ ಅಂದರೆ ಡಿಸ್ಕೋ ಲೈಟ್ ಓಡಿಸೋದು ಅಂತ ಹೆದರಬೇಡಿ. ಪ್ರತಿ ಹೆಜ್ಜೆಯ ಅವಧಿಯನ್ನು ಅನಂತ ಅಂತ ಇಟ್ಟರೆ ನೀವು ಒತ್ತೋವರೆಗೂ ಅದು ಅಲ್ಲೇ ನಿಲ್ಲುತ್ತೆ. ಹೊಸಬರು ಎಡವೋ ಜಾಗ ಇದೊಂದೇ.

ಇನ್ನೊಂದು ಅನುಕೂಲ ಇದೆ, ಬಹಳ ಜನ ಗಮನಿಸಲ್ಲ. ಕ್ಯೂಎಲ್‌ಸಿ ಪ್ಲಸ್ಸನ್ನು ವೆಬ್ ಆಯ್ಕೆಯೊಂದಿಗೆ ಶುರು ಮಾಡಿದರೆ ಅದೇ ವೈಫೈಯಲ್ಲಿರೋ ಮೊಬೈಲಿನ ಬ್ರೌಸರಿನಲ್ಲಿ ವರ್ಚುವಲ್ ಕನ್ಸೋಲ್ ತೆರೆಯುತ್ತೆ. ಇಂಟರ್ನೆಟ್ ಬೇಡ, ಲ್ಯಾಪ್‌ಟಾಪಿನ ಹಾಟ್‌ಸ್ಪಾಟ್ ಸಾಕು. ಏಣಿ ಮೇಲೆ ನಿಂತು ದೀಪ ತಿರುಗಿಸುವಾಗ ‘ಮೂರನೇದು ಹಾಕೋ, ಆಫ್ ಮಾಡೋ’ ಅಂತ ಕೂಗೋದು ತಪ್ಪುತ್ತೆ.

ವಿಂಡೋಸಿಗೆ ಫ್ರೀಸ್ಟೈಲರ್ ಅಂತ ಇನ್ನೊಂದು ಪುಕ್ಕಟೆ ಇದೆ, ಅದು ಡಿಜೆ ಕಡೆ ವಾಲಿದ್ದು. ದೊಡ್ಡ ಶೋಗಳವರು ಬಳಸೋ ಗ್ರ್ಯಾಂಡ್‌ಎಂಎ ಆನ್‌ಪಿಸಿ ಡೌನ್‌ಲೋಡ್ ಪುಕ್ಕಟೆಯೇ, ಆದರೆ ದೀಪಕ್ಕೆ ಸಿಗ್ನಲ್ ಕಳಿಸಬೇಕಾದರೆ ಅವರದೇ ಯಂತ್ರ ಬೇಕು. ಅದರ ಬೆಲೆ ನಮ್ಮ ಮಾತಲ್ಲ.

ಈಗ ಡಬ್ಬಿಯ ವಿಷಯ. ನಿಜವಾದ ಆಯ್ಕೆ ಇರೋದು ಇಲ್ಲೇ.

ದೀಪಗಳ ಭಾಷೆ ಡಿಎಂಎಕ್ಸ್ 512. ರಂಗದ ದೀಪಗಳಿಗಾಗಿಯೇ 1986ರಲ್ಲಿ ಅಮೆರಿಕದ ರಂಗತಂತ್ರಜ್ಞರ ಸಂಸ್ಥೆ ರೂಪಿಸಿದ್ದು. ಒಂದು ಲೈನಿನಲ್ಲಿ 512 ಚಾನೆಲ್, ಪ್ರತಿಯೊಂದಕ್ಕೂ 0ರಿಂದ 255ರವರೆಗೆ ಒಂದು ಅಂಕಿ. ಇವನ್ನು ಮೊದಲಿಂದ ಕೊನೆವರೆಗೆ ಮತ್ತೆ ಮತ್ತೆ ಕಳಿಸ್ತಾನೇ ಇರಬೇಕು, ಲೈನ್ ತುಂಬಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 44 ಸಲ. ಇದನ್ನು ಯಾರು ಕಳಿಸ್ತಾರೆ ಅನ್ನೋದರ ಮೇಲೆ ಡಬ್ಬಿಗಳು ಎರಡು ಜಾತಿ.

ಒಂದು ಬರೀ ಪರಿವರ್ತಕ: ಒಳಗೆ ಯುಎಸ್‌ಬಿ ಜೊತೆ ಮಾತಾಡೋ ಎಫ್‌ಟಿಡಿಐ ಚಿಪ್ಪು, ಕೇಬಲ್ಲಿಗೆ ಸಿಗ್ನಲ್ ಕಳಿಸೋ ಒಂದು ಆರ್‌ಎಸ್-485 ಚಿಪ್ಪು, ಅಷ್ಟೇ. ಎನ್‌ಟೆಕ್ ಕಂಪನಿಯ ಓಪನ್ ಡಿಎಂಎಕ್ಸ್ ಈ ಜಾತಿ. ಸಮಯ ನೋಡಿಕೊಳ್ಳೋ ಕೆಲಸ ಪೂರ್ತಿ ಲ್ಯಾಪ್‌ಟಾಪಿನದು. ಅದು ಬೇರೆ ಕೆಲಸದಲ್ಲಿ ಒಂದು ಕ್ಷಣ ಸಿಕ್ಕಿಹಾಕಿಕೊಂಡರೆ ಸಿಗ್ನಲ್ ತಡವರಿಸುತ್ತೆ, ಕೆಲವು ಅಗ್ಗದ ಪಾರ್‌ಗಳು ಮಿಣುಕುತ್ತವೆ. ಎರಡನೇ ಜಾತಿಯಲ್ಲಿ ಒಳಗೇ ಒಂದು ಮೈಕ್ರೊಕಂಟ್ರೋಲರ್ (ಪುಟ್ಟ ಕಂಪ್ಯೂಟರ್ ಚಿಪ್ಪು) ಇರುತ್ತೆ. ಲ್ಯಾಪ್‌ಟಾಪ್ ಅಂಕಿ ಬದಲಾದಾಗ ಹೇಳಿದರೆ ಸಾಕು, ಕಳಿಸ್ತಾ ಇರೋ ಜವಾಬ್ದಾರಿ ಡಬ್ಬಿಯದು. ಅದೇ ಕಂಪನಿಯ ಡಿಎಂಎಕ್ಸ್ ಯುಎಸ್‌ಬಿ ಪ್ರೊ ಇದಕ್ಕೆ ಉದಾಹರಣೆ. ಅದರ ಹಾಗೇ ಮಾತಾಡೋ ಬೇರೆಯವರ ಡಬ್ಬಿಗಳೂ ಇವೆ. ಕೊಳ್ಳೋ ಮೊದಲು ಕ್ಯೂಎಲ್‌ಸಿ ಪ್ಲಸ್‌ನವರ ಹೊಂದುವ ಸಾಧನಗಳ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ.

ಸಲಹೆ: ಮಳೆಗಾಲದಲ್ಲಿ ಮನೆಯಲ್ಲಿ ಕೂತು ಕಲಿಯೋಕೆ ಮೊದಲ ಜಾತಿ ತಗೊಳ್ಳಿ. ಎಫ್‌ಟಿಡಿಐ ಚಿಪ್ಪಿನ ಯುಎಸ್‌ಬಿ-485 ಅಡಾಪ್ಟರ್ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಎ ತುದಿ ಎಕ್ಸ್‌ಎಲ್‌ಆರ್‌ನ (ಮೈಕಿಗೆ ಬಳಸೋ ಥರದ ಮೂರು ಪಿನ್ನಿನ ದುಂಡು ಪ್ಲಗ್) 3ನೇ ಪಿನ್ನಿಗೆ, ಬಿ ತುದಿ 2ನೇದಕ್ಕೆ, ನೆಲ 1ನೇದಕ್ಕೆ. ದೀಪ ಮಾತು ಕೇಳದಿದ್ದರೆ ಎ-ಬಿ ಅದಲುಬದಲು ಮಾಡಿ, ಎಲ್ಲ ತಯಾರಕರೂ ಒಂದೇ ಥರ ಗುರುತು ಹಾಕಲ್ಲ. ನಾಟಕದ ದಿನಕ್ಕೆ ಎರಡನೇ ಜಾತಿಯೇ ಇರಲಿ, ಅದೂ ಐಸೊಲೇಶನ್ (ಯುಎಸ್‌ಬಿಗೂ ಕೇಬಲ್ಲಿಗೂ ನೇರ ವಿದ್ಯುತ್ ಸಂಪರ್ಕ ಇಲ್ಲದ ಹಾಗೆ ಬೇರ್ಪಡಿಸೋದು) ಇರೋದು. ಆವಾಗ ಮೊದಲಿನದು ಬದಲಿಗೆ ಅಂತ ಚೀಲದಲ್ಲಿ ಇರುತ್ತೆ.

ಐಸೊಲೇಶನ್ ಯಾಕೆ ಅಷ್ಟು ಒತ್ತಿ ಹೇಳ್ತೀನಿ ಅಂದರೆ ನಮ್ಮ ನಾಟಕದ ಕಾಲವೂ ಸಿಡಿಲಿನ ಕಾಲವೂ ಒಂದೇ. ಏಪ್ರಿಲ್, ಮೇ ಸಂಜೆ ಮೋಡ ಕಟ್ಟಿದರೆ ಕೇಳೋದೇ ಬೇಡ. ಶಾಮಿಯಾನದ ಈ ತುದಿಯಿಂದ ಆ ತುದಿಗೆ ಎಳೆದ ಕೇಬಲ್ಲು ನೇರ ನಿಮ್ಮ ಯುಎಸ್‌ಬಿಗೆ ಬಂದು ಸೇರಿದೆ. ಜೊತೆಗೆ ದೀಪ ಜನರೇಟರಿನಲ್ಲಿ, ಲ್ಯಾಪ್‌ಟಾಪ್ ಶಾಲೆಯ ಕರೆಂಟಿನಲ್ಲಿ ಇದ್ದರೆ ಎರಡರ ಅರ್ಥಿಂಗ್ ಬೇರೆ ಬೇರೆ. ಐಸೊಲೇಶನ್ ಇದ್ದರೆ ಅರ್ಥಿಂಗ್ ವ್ಯತ್ಯಾಸ ಲ್ಯಾಪ್‌ಟಾಪಿನವರೆಗೆ ಬರಲ್ಲ. ಹತ್ತಿರದಲ್ಲೇ ಸಿಡಿಲು ಬಿದ್ದರೆ ಅದನ್ನೂ ನಂಬೋಕಾಗಲ್ಲ, ಗುಡುಗು ಕೇಳಿದ ಕೂಡಲೇ ಕೇಬಲ್ ಕಿತ್ತುಬಿಡಿ. ಪ್ರದರ್ಶನದ ಹೊತ್ತಿಗೆ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ ಓಡೋ ಹಾಗಿರಲಿ.

ಕೇಬಲ್ಲಿಗೆ ಮೈಕ್ ವೈರ್ ಹಾಕಬೇಡಿ. ಚಿಕ್ಕ ದೂರಕ್ಕೆ ನಡೆದುಹೋಗುತ್ತೆ, ದೂರ ಹೆಚ್ಚಾದಾಗ ಕೊನೆಯ ದೀಪ ತನ್ನಷ್ಟಕ್ಕೆ ಕುಣಿಯೋಕೆ ಶುರು ಮಾಡುತ್ತೆ. ನೆಟ್‌ವರ್ಕಿನ ಕ್ಯಾಟ್-5 ಕೇಬಲ್ ಕೊಂಡು ತುದಿಗೆ ಎಕ್ಸ್‌ಎಲ್‌ಆರ್ ಬೆಸುಗೆ ಹಾಕಿಸಿ, ಶಿವಮೊಗ್ಗದಲ್ಲಿ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಸಿಗೋ ಸಾಮಾನು. ಒಂದು ದೀಪದಿಂದ ಇನ್ನೊಂದಕ್ಕೆ ಸರಪಳಿಯಾಗಿ ಹೋಗಬೇಕು, ನಡುವೆ ವೈ ಹಾಕಿ ಕವಲು ಒಡೆಯಬಾರದು. ಕೊನೆಯ ದೀಪದ ಔಟಿಗೆ 2 ಮತ್ತು 3ನೇ ಪಿನ್ ನಡುವೆ 120 ಓಮ್ ರೆಸಿಸ್ಟರ್ ಇರೋ ಪ್ಲಗ್ ಚುಚ್ಚಿ. ಒಂದೆರಡು ರೂಪಾಯಿಯ ಸಾಮಾನು, ಆದರೆ ದೀಪ ಮಿಣುಕೋ ದೂರುಗಳಲ್ಲಿ ಎಷ್ಟೋ ಇದರಿಂದಲೇ ನಿಲ್ಲುತ್ತವೆ. ವೈರ್‌ಲೆಸ್ ಬೇಡ. ಅಗ್ಗದವೆಲ್ಲ ವೈಫೈ, ಬ್ಲೂಟೂತ್ ಓಡೋ 2.4 ಗಿಗಾಹರ್ಟ್ಸ್‌ನಲ್ಲೇ ಇರೋದು. ಖಾಲಿ ಮೈದಾನದಲ್ಲಿ ಚೆನ್ನಾಗಿ ಕೆಲಸ ಮಾಡಿ, ಜನ ಮೊಬೈಲ್ ಹಿಡಿದು ಕೂತ ಮೇಲೆ ಕೈಕೊಡಬಹುದು.

ಹ್ಯಾಲೊಜನ್‌ಗಳನ್ನು ಗುಜರಿಗೆ ಹಾಕಬೇಡಿ. ಒಂದು ನಾಲ್ಕು ಚಾನೆಲ್ಲಿನ ಡಿಎಂಎಕ್ಸ್ ಡಿಮ್ಮರ್ ಪ್ಯಾಕ್ ತಗೊಂಡರೆ ಅವೂ ಅದೇ ಪರದೆಗೆ ಬರುತ್ತವೆ. ಮುಖದ ಬಣ್ಣಕ್ಕೆ ಅಗ್ಗದ ಎಲ್‌ಇಡಿ ಇವತ್ತಿಗೂ ಅದರ ಸಮಕ್ಕೆ ಬರಲ್ಲ. ನಿಧಾನ ಫೇಡಿನಲ್ಲಂತೂ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತೆ. ಒಂದು ನಿಮಿಷದ ಮುಸ್ಸಂಜೆ ಮಾಡ್ತೀರಿ ಅಂದುಕೊಳ್ಳಿ: 255 ಮೆಟ್ಟಿಲು, 60 ಸೆಕೆಂಡು, ಅಂದರೆ ಹತ್ತಿರ ಹತ್ತಿರ ಕಾಲು ಸೆಕೆಂಡಿಗೆ ಒಂದು ಮೆಟ್ಟಿಲು. ಎಲ್‌ಇಡಿಯಲ್ಲಿ ಕೊನೆಯ ಹತ್ತಿಪ್ಪತ್ತು ಮೆಟ್ಟಿಲು ಎಣಿಸೋ ಹಾಗೆ ಕಾಣುತ್ತವೆ. ಹ್ಯಾಲೊಜನ್ನಿನ ತಂತಿ ಆರೋಕೆ ಹೊತ್ತು ತಗೊಳ್ಳೋದರಿಂದ ಅವು ಕಾಣಲ್ಲ. ಹಾಗಾಗಿ ಮುಖಕ್ಕೆ, ಹೊತ್ತು ಮುಳುಗೋದಕ್ಕೆ ಹ್ಯಾಲೊಜನ್. ಹಿಂಬದಿ ಪರದೆಗೆ, ಬಣ್ಣಕ್ಕೆ ಎಲ್‌ಇಡಿ. ಎಲ್‌ಇಡಿ ಪಾರ್‌ಗಳನ್ನು ಮಾತ್ರ ಡಿಮ್ಮರ್ ಪ್ಯಾಕಿಗೆ ಚುಚ್ಚಬೇಡಿ, ಅವಕ್ಕೆ ಡಿಮ್ಮರ್ ನಡುವೆ ಇಲ್ಲದೆ ಪ್ಲಗ್ಗಿನಿಂದಲೇ ಕರೆಂಟು ಬೇಕು. ಡಿಮ್ಮರಿನಿಂದ ಹೊರಟ ವೈರು ಮೈಕಿನ ವೈರಿನ ಪಕ್ಕದಲ್ಲೇ ಹೋದರೆ ಸ್ಪೀಕರಿನಲ್ಲಿ ಗುಂಯ್ ಅನ್ನುತ್ತೆ, ಎರಡನ್ನೂ ರಂಗದ ಬೇರೆ ಬೇರೆ ಮಗ್ಗುಲಿನಲ್ಲಿ ತನ್ನಿ.

ಕರೆಂಟಿನ ಲೆಕ್ಕ ಮರೀಬೇಡಿ. 6 ಆಂಪಿಯರ್ ಪ್ಲಗ್ಗಿನಲ್ಲಿ 230 ವೋಲ್ಟಿಗೆ 1380 ವ್ಯಾಟ್, ಅಂದರೆ ಒಂದೇ ಹ್ಯಾಲೊಜನ್. ನಾಲ್ಕೂ ಪೂರ್ತಿ ಉರಿದರೆ 17 ಆಂಪಿಯರ್ ದಾಟುತ್ತೆ, 16 ಆಂಪಿಯರ್ ಪ್ಲಗ್ಗಿಗೂ ಹೆಚ್ಚು. ಡಿಮ್ಮರ್ ಪ್ಯಾಕಿನ ಮೇಲೆ ಬರೆದಿರೋ ಮಿತಿಯನ್ನೂ ನೋಡಿ. ಒಂದು ಕಿಲೋವ್ಯಾಟ್ ತಡೆಯದ ಚಾನೆಲ್ ಆದರೆ 500 ವ್ಯಾಟಿನ ಬಲ್ಬ್ ಹಾಕಿ. ವೈರಿಂಗ್ ಮಾತ್ರ ಊರ ವೈರ್‌ಮನ್ ಕೈಯಲ್ಲೇ ಮಾಡಿಸಿ.

ವಿಂಡೋಸ್ ಇಟ್ಟುಕೊಂಡರೆ ನಿದ್ದೆ, ಅಪ್‌ಡೇಟ್, ನೋಟಿಫಿಕೇಶನ್, ಯುಎಸ್‌ಬಿ ಪವರ್ ಉಳಿತಾಯ ಎಲ್ಲ ಬಂದ್ ಮಾಡಿ. ನಾಟಕದ ಕ್ಯೂಗಳಿರೋ ಕಡತದ ಒಂದು ಪ್ರತಿ ಪೆನ್‌ಡ್ರೈವಿನಲ್ಲಿ ಇರಲಿ.

ಮಳೆಗಾಲದಲ್ಲಿ ದೀಪಗಳನ್ನು ಇಡೋದರ ಬಗ್ಗೆ ಒಂದು ಮಾತು, ಬಯಲುಸೀಮೆಯವರು ಇದನ್ನು ಹೇಳಲ್ಲ. ಅಡುಗೆಮನೆ ಅಟ್ಟದ ಮೇಲೆ ಒಣಗಿರುತ್ತೆ ಅಂತ ಇಡ್ತಾರೆ, ಆದರೆ ಹೊಗೆಯ ಮಸಿ ಲೆನ್ಸಿಗೆ ಕೂತರೆ ಬಿಡಿಸೋದು ಕಷ್ಟ. ಮುಚ್ಚಳದ ಡ್ರಮ್ಮಿನಲ್ಲಿ ಸಿಲಿಕಾ ಜೆಲ್ ಹಾಕಿಡಿ, ಆಷಾಢ ಶ್ರಾವಣದಲ್ಲಿ ಆಗಾಗ ಹೊರಗೆ ತೆಗೆದು ಒಂದು ಗಂಟೆ ಪೂರ್ತಿ ಉರಿಸಿ. ಒಳಗಿನ ತೇವ ಅದರ ಶಾಖಕ್ಕೇ ಹೋಗುತ್ತೆ.

ದೀಪಗಳ ಅಡ್ರೆಸ್ (ಆ ದೀಪದ ಮೊದಲ ಚಾನೆಲ್ಲಿನ ಸಂಖ್ಯೆ) ಒತ್ತೊತ್ತಾಗಿ ಕೊಡಬೇಡಿ. ಡಿಮ್ಮರ್ 1ರಿಂದ, ಮೊದಲ ಪಾರ್ 11, ಎರಡನೇದು 21, ಮೂರನೇದು 31 ಹೀಗೆ ಇಟ್ಟರೆ ತಲೆಯಲ್ಲೇ ಲೆಕ್ಕ ಸಿಗುತ್ತೆ. ದೀಪದ ಹಿಂದೆ ಪರದೆ ಇಲ್ಲದೆ ಡಿಪ್ ಸ್ವಿಚ್ (ಸಾಲಾಗಿರೋ ಪುಟ್ಟ ಸ್ವಿಚ್‌ಗಳು) ಇದ್ದರೆ ಅವುಗಳ ಅಂಕಿ ಕ್ರಮವಾಗಿ 1, 2, 4, 8, 16 ಹೀಗೆ ದುಪ್ಪಟ್ಟಾಗ್ತಾ ಹೋಗುತ್ತೆ. 21 ಬೇಕಾದರೆ 16, 4, 1: ಅಂದರೆ ಐದನೇ, ಮೂರನೇ, ಒಂದನೇ ಸ್ವಿಚ್ ಆನ್. ಯಾವಾಗಲೂ ಒಟ್ಟಿಗೇ ಉರಿಯೋ ಎರಡು ಪಾರ್‌ಗಳಿಗೆ ಒಂದೇ ಅಡ್ರೆಸ್ ಕೊಟ್ಟರೂ ತಪ್ಪಿಲ್ಲ.

ದುಡ್ಡು ಉಳಿದರೆ ಮುಂದಿನ ವರ್ಷ ಕೋರ್ಗ್ ನ್ಯಾನೊಕಂಟ್ರೋಲ್ 2 ಥರದ್ದು ತಗೊಳ್ಳಿ. ಸಂಗೀತದವರ ಸಾಮಾನು, ಎಂಟು ಫೇಡರ್ (ಬೆರಳಿನಿಂದ ಎಳೆಯೋ ಗುಂಡಿ) ಇದೆ, ಕ್ಯೂಎಲ್‌ಸಿ ಪ್ಲಸ್‌ಗೆ ಸೇರುತ್ತೆ. ನಟ ಡೈಲಾಗ್ ಮರೆತು ನಿಂತಾಗ ಬೆರಳಿನಲ್ಲೇ ಬೆಳಕು ಎಳೆದಾಡೋಕೆ ಬೇಕಾಗುತ್ತೆ. ಅಷ್ಟರೊಳಗೆ ನೀನಾಸಂ ತಿರುಗಾಟದ ನಾಟಕವೋ ಶಿವಮೊಗ್ಗ ರಂಗಾಯಣದ್ದೋ ನಿಮ್ಮ ಕಡೆ ಬಂದರೆ ಮೇಲಿರೋ ದೀಪಗಳನ್ನು ನೋಡ್ತಾ ಕೂತ್ಕೊಳ್ಳಿ. ಯಾವುದು ಎಲ್ಲಿಂದ ಬೀಳ್ತಿದೆ, ಎಷ್ಟು ಹೊತ್ತಿಗೆ ಬದಲಾಯ್ತು ಅಂತ.

ನಿಮ್ಮ ಪಾರ್‌ಗಳಿಗೆ ಹೆಸರಿಲ್ಲ, ಕೈಪಿಡಿ ಇಲ್ಲ ಅಂದಿದ್ದೀರಿ. ಪರವಾಗಿಲ್ಲ. ಒಂದನ್ನೇ ಜೋಡಿಸಿ ಅಡ್ರೆಸ್ 1 ಕೊಡಿ, ಕ್ಯೂಎಲ್‌ಸಿ ಪ್ಲಸ್‌ನ ‘ಸಿಂಪಲ್ ಡೆಸ್ಕ್’ ತೆರೆದು ಸ್ಲೈಡರ್‌ಗಳನ್ನು ಒಂದೊಂದಾಗಿ ಏರಿಸಿ, ಏನಾಯ್ತು ಅಂತ ಬರೆದುಕೊಳ್ಳಿ. ಏನೂ ಉರಿಯದಿದ್ದರೆ ಮೊದಲನೇದು ಮಾಸ್ಟರ್ (ಇಡೀ ದೀಪದ ಬೆಳಕಿನ ಪ್ರಮಾಣ) ಇರಬಹುದು, ಅದನ್ನು ಪೂರ್ತಿ ಏರಿಸಿಟ್ಟು ಉಳಿದವನ್ನು ನೋಡಿ. ಆ ಪಟ್ಟಿಯನ್ನೂ ದೀಪದ ಹಿಂಬದಿಯ ಒಂದು ಫೋಟೊವನ್ನೂ ಇಲ್ಲೇ ಹಾಕಿ, ಯಾವ ಚಾನೆಲ್ ಏನು ಮಾಡುತ್ತೆ ಅಂತ ಸಾಫ್ಟ್‌ವೇರಿಗೆ ತಿಳಿಸೋ ಫಿಕ್ಸ್‌ಚರ್ ಕಡತ ನಾನು ಮಾಡಿ ಕಳಿಸ್ತೀನಿ.