‘ವಿಶೇಷ’, ‘ಮಾಮೂಲು’, ‘ಹೊರಗೆ’: ಸಾದಾ ಪದಗಳ ಒಳಮಾತು

ನೀವು ಕೇಳಿರುವುದು ಇಷ್ಟು: ನಿಘಂಟಿನಲ್ಲಿ ಸರಳ ಅರ್ಥವಿರುವ ‘ಎಣ್ಣೆ’, ‘ವಿಶೇಷ’, ‘ಹೊರಗೆ’ಯಂಥ ಪದಗಳು ಮಾತಿನಲ್ಲಿ ಬೇರೇನನ್ನೋ ಸೂಚಿಸುತ್ತವೆ, ಹೊಸದಾಗಿ ಕನ್ನಡ ಕಲಿಯುವವರು ಅದನ್ನು ಗುರುತಿಸುವುದು ಹೇಗೆ? ನನಗೆ ತಿಳಿದಮಟ್ಟಿಗೆ, ಪದವನ್ನೇ ಎಷ್ಟು ದಿಟ್ಟಿಸಿ ನೋಡಿದರೂ ಏನೂ ಸಿಗುವುದಿಲ್ಲ. ಅದರ ಪಕ್ಕದ ಕ್ರಿಯಾಪದವನ್ನೋ ಅದಕ್ಕೆ ಹತ್ತಿದ ಪ್ರತ್ಯಯವನ್ನೋ ಗಮನಿಸಿದರೆ ಗುಟ್ಟು ಬಹುಪಾಲು ಬಯಲಾಗುತ್ತದೆ.

‘ಹೊರಗೆ ಹೋಗಿದ್ದಾಳೆ’ ಎಂದರೆ ಆಕೆ ಮನೆಯಲ್ಲಿಲ್ಲ. ‘ಹೊರಗಾಗಿದ್ದಾಳೆ’ ಎಂದರೆ ಮುಟ್ಟಾಗಿದ್ದಾಳೆ, ಮನೆಯಲ್ಲೇ ಇರಬಹುದು. ‘ಹೋಗು’ ಇದ್ದ ಜಾಗಕ್ಕೆ ‘ಆಗು’ ಬಂದದ್ದಷ್ಟೇ ವ್ಯತ್ಯಾಸ. ಹಾಗೆಯೇ ‘ಮಗಳು ದೊಡ್ಡವಳಾಗಿದ್ದಾಳೆ’ ಎಂಬುದು ಬೆಳೆದಿದ್ದಾಳೆ ಎಂಬರ್ಥದಲ್ಲೂ ಬರುತ್ತದೆ. ‘ಮೊನ್ನೆ ದೊಡ್ಡವಳಾದಳು’ ಎಂದು ದಿನವನ್ನೂ ಸೇರಿಸಿ ಹೇಳಿದರೆ ಮೈನೆರೆದಳು ಎಂದೇ ತಿಳಿಯಬೇಕು, ಏಕೆಂದರೆ ಒಂದೇ ದಿನದಲ್ಲಿ ಯಾರೂ ಬೆಳೆದು ನಿಲ್ಲುವುದಿಲ್ಲ. ಬರಿಯ ಅಂಕಿಗಳಾದ ಒಂದು, ಎರಡು ಚತುರ್ಥಿ ವಿಭಕ್ತಿ ಪಡೆದು ‘ಒಂದಕ್ಕೆ’, ‘ಎರಡಕ್ಕೆ’ ಆದೊಡನೆ ಶೌಚಾಲಯದ ದಾರಿ ಹಿಡಿಯುತ್ತವೆ. ಎಣ್ಣೆಯನ್ನು ‘ಹಚ್ಚಿದರೆ’ ತಲೆಗೆ, ‘ಹೊಡೆದರೆ’ ಅದು ಮದ್ಯ. ಅದೂ ಕೊನೆಗೆ ಏರುವುದು ತಲೆಗೇ ಎನ್ನಿ.

‘ಏನು ವಿಶೇಷ?’ ಎಂದವರು ಸುದ್ದಿ ಕೇಳುತ್ತಿದ್ದಾರೆ, ‘ಏನಾದರೂ ವಿಶೇಷವೇ?’ ಎಂದವರು ಮನೆಯ ಹೆಣ್ಣುಮಗಳು ಬಸುರಿಯೇ ಎಂದು ಕೇಳುತ್ತಿದ್ದಾರೆ. ನನ್ನ ಮದುವೆಯಾದ ಕೆಲವು ತಿಂಗಳಿಗೆ ಸೋದರತ್ತೆ ಫೋನಿನಲ್ಲಿ ದನಿ ತಗ್ಗಿಸಿ ‘ಏನಾದ್ರೂ ವಿಶೇಷಾನೇನೋ?’ ಎಂದರು. ನಾನು ಮನೆ ಬದಲಿಸಿದ ಕಥೆಯನ್ನು ಬಾಡಿಗೆ ಕರಾರಿನ ಸಮೇತ ವಿವರಿಸಿದೆ. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿ, ‘ಸರಿ, ಫೋನು ಅವಳ ಕೈಗೆ ಕೊಡು’ ಎಂದರು.

ಲಂಚಕ್ಕಿರುವ ಪದಗಳು ಇವೆಲ್ಲಕ್ಕಿಂತ ಚತುರವಾದವು. ‘ಮಾಮೂಲು’ ಎಂದರೆ ಎಂದಿನದು, ರೂಢಿಯದು. ಆ ಹೆಸರಿಟ್ಟ ಕೂಡಲೇ ಕೇಳುವವನ ಸಂಕೋಚವೂ ಕೊಡುವವನ ಆಕ್ಷೇಪಣೆಯೂ ಒಟ್ಟಿಗೇ ಅಡಗುತ್ತವೆ. ನನಗೆ ಅದಕ್ಕಿಂತ ಹೆಚ್ಚು ಸೋಜಿಗವೆನಿಸುವುದು ‘ಗಿಂಬಳ’. ‘ಪುಸ್ತಕ ಗಿಸ್ತಕ’, ‘ಹಣ ಗಿಣ’ ಎನ್ನುವಾಗ ಎರಡನೆಯ ಪದಕ್ಕೆ ಸ್ವಂತ ಅರ್ಥವಿಲ್ಲ, ‘ಮತ್ತು ಅಂಥದ್ದೇನಾದರೂ’ ಎಂಬ ಸೂಚನೆ ಮಾತ್ರ ಇದೆ. ಸಂಬಳಕ್ಕೆ ಅದೇ ಬಗೆಯ ಬಾಲವಾಗಿರುವ ‘ಗಿಂಬಳ’ ಮಾತ್ರ ಈಗ ಒಂಟಿಯಾಗಿ ನಿಲ್ಲಬಲ್ಲದು, ಅದರ ಅರ್ಥವನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಾನು ಹೇಳಿದ ಸೂತ್ರ ಕೈಕೊಡುವ ಒಂದು ಜಾಗವಿದೆ, ಅದು ಸಾವು. ‘ಹೋಗಿಬಿಟ್ಟರು’ ಎಂಬ ಮಾತು ಐದು ಗಂಟೆಗೇ ಕಚೇರಿ ಬಿಟ್ಟವರಿಗೂ ಸಲ್ಲುತ್ತದೆ, ತೀರಿಕೊಂಡವರಿಗೂ ಸಲ್ಲುತ್ತದೆ; ಕ್ರಿಯಾಪದ, ಪ್ರತ್ಯಯ ಯಾವುದೂ ಬದಲಾಗುವುದಿಲ್ಲ. ಬೀಳ್ಕೊಳ್ಳುವಾಗ ‘ಹೋಗುತ್ತೇನೆ’ ಎನ್ನದೆ ‘ಹೋಗಿ ಬರುತ್ತೇನೆ’ ಎನ್ನುವುದೂ ಈ ‘ಹೋಗು’ವಿನ ಅಂಜಿಕೆಯಿಂದಲೇ. ಆದ್ದರಿಂದ ಯಾರಾದರೂ ‘ಅವರು ಹೋಗಿಬಿಟ್ಟರು’ ಎಂದಾಗ, ‘ಎಲ್ಲಿಗೆ?’ ಎಂದು ಕೇಳುವ ಮುನ್ನ ಹೇಳಿದವರ ಮುಖವನ್ನೊಮ್ಮೆ ನೋಡಿ.