ಸ್ಕ್ಯಾನ್ ಯಂತ್ರವಿರುವ ಆಂಬುಲೆನ್ಸ್: ಮದ್ದೂರಿನವರ ಪ್ರಶ್ನೆಗೆ ಪ್ರತಿಕ್ರಿಯೆ

ತಂದೆಯವರಿಗೆ ಮತ್ತೆ ಮಾತು ತೊದಲಿದರೆ ನೇರವಾಗಿ ಮೈಸೂರಿಗೇ ಹೋಗಬೇಕೇ, ಸ್ಕ್ಯಾನ್ ಯಂತ್ರವಿರುವ ಆಂಬುಲೆನ್ಸ್ ನಿಜಕ್ಕೂ ಇದೆಯೇ ಎಂದು ಕೇಳಿದ್ದೀರಿ. ಇದೆ, ಜರ್ಮನಿಯ ಹೋಂಬುರ್ಗ್‌ನಲ್ಲಿ 2008ರಲ್ಲೇ ಅಂಥ ವಾಹನ ರಸ್ತೆಗಿಳಿಯಿತು. ಲಕ್ವ ಹೊಡೆದಾಗ ಮಿದುಳಿನ ರಕ್ತನಾಳ ಕಟ್ಟಿಕೊಂಡಿದೆಯೋ ಒಡೆದಿದೆಯೋ ಎಂಬುದು ಹೊರನೋಟಕ್ಕೆ ತಿಳಿಯದು. ಒಡೆದಿರುವಾಗ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟರೆ ಪ್ರಾಣಕ್ಕೇ ಕುತ್ತು ಬರುವುದರಿಂದ, ಅದನ್ನು ತೋರಿಸಿಕೊಡುವ ಸಿಟಿ ಸ್ಕ್ಯಾನನ್ನೇ ಮನೆಬಾಗಿಲಿಗೆ ಒಯ್ಯುವ ಏರ್ಪಾಡು ಅದು. ನಮ್ಮ 108ರಲ್ಲಿ ಆ ಯಂತ್ರವಿಲ್ಲದಿದ್ದರೂ, ಕರೆ ಮಾಡುವಾಗಲೇ ‘ಲಕ್ವ ಹೊಡೆದಂತಿದೆ’ ಎಂದು ತಿಳಿಸಿ, ಸ್ಕ್ಯಾನ್ ಮತ್ತು ಚುಚ್ಚುಮದ್ದು ಎರಡೂ ಇರುವ ಆಸ್ಪತ್ರೆಗೇ ಒಯ್ಯಲು ಕೇಳಿ. ಅದು ಮಂಡ್ಯದಲ್ಲೇ ಸಿಕ್ಕಿದರೆ ಮೈಸೂರಿನ ಹಟ ಬೇಡ. ಚುಚ್ಚುಮದ್ದಿಗೆ ಸಾಮಾನ್ಯವಾಗಿ 4.5 ಗಂಟೆಯ ಗಡುವು, ಅದೂ ರೋಗಿ ಕೊನೆಯದಾಗಿ ಚೆನ್ನಾಗಿದ್ದ ಹೊತ್ತಿನಿಂದ. ಆದ್ದರಿಂದ ಆ ಸಮಯವನ್ನು ಬರೆದಿಟ್ಟುಕೊಳ್ಳಿ. ನಮ್ಮ ಮನೆಯಲ್ಲೊಮ್ಮೆ ಕೈಗೆ ಎಣ್ಣೆ ತಿಕ್ಕುತ್ತಲೇ ಒಂದು ಗಂಟೆ ಕಳೆದೆವು. ನುಂಗಲು ಆಗದೆ ಶ್ವಾಸಕೋಶಕ್ಕೆ ಇಳಿಯಬಹುದಾದ್ದರಿಂದ ಬಾಯಿಗೆ ನೀರನ್ನೂ ಹಾಕಬೇಡಿ.